ಮಿನಿಗೆ ಹಿಂದಿನ ಸ್ವೇ ಬಾರ್ ಹಾಕಿಸಿದ್ದು: ನನ್ನ ಅನುಭವ

ಕಾರಿನ ಎಡ ಬಲ ಚಕ್ರಗಳ ಸಸ್ಪೆನ್ಷನ್‌ಗಳನ್ನು ಜೋಡಿಸುವ ಕಂಬಿಯೇ ಸ್ವೇ ಬಾರ್. ಅದನ್ನು ದಪ್ಪ ಮಾಡಿದರೆ ಟೈರಿಗೆ ಹೊಸ ಹಿಡಿತ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿಕೊಂಡು ಬರುವವರೆಲ್ಲ ಅದನ್ನೇ ನಂಬಿ ಬರುತ್ತಾರೆ. ತಿರುವಿನಲ್ಲಿ ಕಾರು ವಾಲುವುದು ಕಡಿಮೆಯಾಗುತ್ತದೆ, ನಿಜ. ಆದರೆ ಈ ಬಾರ್ ಮಾಡುವ ದೊಡ್ಡ ಕೆಲಸ ಬೇರೆ. ಮುಂದಿನ ಟೈರುಗಳು ಮೊದಲು ಜಾರಬೇಕೋ ಹಿಂದಿನವೋ ಅನ್ನುವುದನ್ನು ಅದು ತೀರ್ಮಾನ ಮಾಡುತ್ತದೆ. ನಾನು ನನ್ನ ಮಿನಿ ಕಾರಿನ ಹಿಂದಿನ ಚಕ್ರಗಳ ಬಾರ್ ಬದಲಿಸಿದ್ದು ಅದಕ್ಕಾಗಿಯೇ.

ನನ್ನದು 2013ರ ಮಿನಿ ಕೂಪರ್ ಎಸ್, ಆರ್56 ಮಾಡೆಲ್. 1.6 ಲೀಟರ್ ಟರ್ಬೊ ಎಂಜಿನ್, 184 ಅಶ್ವಶಕ್ತಿ. ನೋಡಲು ಪುಟಾಣಿ, ಓಡಿಸಿದರೆ ಪಕ್ಕಾ ಸ್ಪೋರ್ಟ್ಸ್ ಕಾರು. ಎಂಜಿನ್, ಗೇರ್‌ಬಾಕ್ಸ್ ಎರಡೂ ಮೂತಿಯಲ್ಲೇ ಇರುವುದರಿಂದ ತೂಕದ ಶೇ. 60ಕ್ಕಿಂತ ಹೆಚ್ಚು ಪಾಲು ಮುಂದಿನ ಚಕ್ರಗಳ ಮೇಲೆ. ಎಳೆಯುವುದೂ ಅವೇ, ತಿರುಗಿಸುವುದೂ ಅವೇ. ಕೊಯಮತ್ತೂರಿನಿಂದ ಮೈಸೂರಿಗೆ ಬರುವಾಗ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಎರಡನೇ ಗೇರಿನಲ್ಲಿ ಹತ್ತುವಾಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂತಿ ಹೊರಗೇ ಎಳೆಯುತ್ತಿತ್ತು. ಬಾಡಿ ಹೊರಗಡೆಗೆ ವಾಲುತ್ತಿತ್ತು, ಮುಂದಿನ ಹೊರ ಟೈರ್ ಕಿರುಚುತ್ತಿತ್ತು, ಹಿಂದಿನ ಟೈರುಗಳು ಮಾತ್ರ ತಮಗೇನೂ ಸಂಬಂಧವಿಲ್ಲವೆಂಬಂತೆ ಸುಮ್ಮನೆ ಹಿಂಬಾಲಿಸುತ್ತಿದ್ದವು. ಇದು ಕಂಪನಿಯವರು ಬೇಕೆಂದೇ ಮಾಡಿದ ಏರ್ಪಾಡು. ಗಾಬರಿಯಾದ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರು ಗಿರಕಿ ಹೊಡೆಯದೆ ನೇರವಾಗಿರಲಿ ಎಂದು ಎಲ್ಲ ಸಾಮಾನ್ಯ ಕಾರುಗಳನ್ನೂ ಹೀಗೇ ಇಡುತ್ತಾರೆ.

ಸ್ವೇ ಬಾರ್ ಅಂದರೆ ಇಂಗ್ಲಿಷಿನ ಯು ಆಕಾರದ ಒಂದು ಉಕ್ಕಿನ ಕಂಬಿ. ನಮ್ಮ ಕಡೆ ಮೆಕ್ಯಾನಿಕ್‌ಗಳು ಸ್ಟೆಬಿಲೈಸರ್ ರಾಡ್ ಅನ್ನುತ್ತಾರೆ. ನಡುಭಾಗ ಎರಡು ಬುಷ್‌ಗಳಲ್ಲಿ, ಅಂದರೆ ರಬ್ಬರ್ ಬಳೆಗಳಲ್ಲಿ, ಕೂತಿರುತ್ತದೆ, ಎರಡು ತುದಿಗಳು ಲಿಂಕ್ ರಾಡ್ ಮೂಲಕ ಎಡ ಬಲ ಚಕ್ರಗಳ ಸಸ್ಪೆನ್ಷನ್‌ಗೆ ಸೇರಿಕೊಂಡಿರುತ್ತವೆ. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಬಾರ್ ಬುಷ್ ಒಳಗೆ ಸುಮ್ಮನೆ ತಿರುಗುತ್ತದೆ, ಕೆಲಸವೇ ಇಲ್ಲ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಮಾತ್ರ ಬಾರ್ ತಿರುಚಿಕೊಂಡು ಎದುರು ಬೀಳುತ್ತದೆ. ಹಾಗಾಗಿ ಊರೂರಿಗೂ ಇರುವ ಹಂಪ್‌ಗಳನ್ನು ನೇರವಾಗಿ ದಾಟಿದರೆ ದಪ್ಪ ಬಾರ್ ಹಾಕಿದ್ದು ಗೊತ್ತೇ ಆಗುವುದಿಲ್ಲ. ಎಡಗಡೆ ಚಕ್ರ ಮಾತ್ರ ಗುಂಡಿಗೆ ಬಿದ್ದಾಗ ಗೊತ್ತಾಗುತ್ತದೆ. ಬಲಗಡೆಯೂ ಅಲುಗಿ, ತಲೆ ಅತ್ತಿಂದಿತ್ತ ಆಡುತ್ತದೆ.

ಈಗ ಲೆಕ್ಕ. ತಿರುವಿನಲ್ಲಿ ಒಳ ಚಕ್ರಗಳಿಂದ ಹೊರ ಚಕ್ರಗಳಿಗೆ ಎಷ್ಟು ತೂಕ ವರ್ಗವಾಗುತ್ತದೆ ಅನ್ನುವುದು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುಗುವ ರಭಸ, ಈ ನಾಲ್ಕರಿಂದ ನಿಗದಿಯಾಗುತ್ತದೆ. ಬಾರ್ ಎಷ್ಟೇ ದಪ್ಪವಿದ್ದರೂ ಈ ಮೊತ್ತ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಪಾಲು: ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು. ಟೈರಿನ ಗುಣವೇನೆಂದರೆ, ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ. ಆದ್ದರಿಂದ ಯಾವ ಜೋಡಿಯಲ್ಲಿ ಒಳ ಹೊರ ಟೈರುಗಳ ಭಾರದ ಅಂತರ ಹೆಚ್ಚೋ ಆ ಜೋಡಿ ಒಟ್ಟಾರೆ ಹಿಡಿತ ಕಳೆದುಕೊಳ್ಳುತ್ತದೆ. ಹಿಂದಿನ ಬಾರ್ ಗಟ್ಟಿ ಮಾಡಿದರೆ ಹಿಂದಿನ ಜೋಡಿ ಹೆಚ್ಚು ಹೊರುತ್ತದೆ, ಮುಂದಿನ ಜೋಡಿಗೆ ಉಸಿರಾಡಲು ಜಾಗ ಸಿಗುತ್ತದೆ. ನನ್ನ ಕಾರಿಗೆ ಬೇಕಾಗಿದ್ದು ಇಷ್ಟೇ.

ದಪ್ಪದ ವಿಷಯದಲ್ಲಿ ಕಣ್ಣಳತೆ ನಂಬಬೇಡಿ. ಗಟ್ಟಿ ಕಂಬಿಯ ತಿರುಚು ಬಿಗಿ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 20 ಮಿ.ಮೀ. ಇದ್ದದ್ದು 22 ಆದರೆ ಶೇ. 46 ಹೆಚ್ಚು ಬಿಗಿ. 24 ಆದರೆ ಎರಡು ಪಟ್ಟು ದಾಟುತ್ತದೆ. ಅದೂ ಬರೀ ನಾಲ್ಕು ಮಿಲಿಮೀಟರಿಗೆ! ಪೊಳ್ಳು ಬಾರ್ ಕಂಡು ಮೂಗು ಮುರಿಯುವವರೂ ಇದ್ದಾರೆ. ತಿರುಚುವಾಗ ಕೆಲಸ ಮಾಡುವುದು ಹೊರಗಿನ ಪದರವೇ. ಹೊರಗೆ 24, ಒಳಗೆ 16 ಮಿ.ಮೀ. ಇರುವ ಕೊಳವೆ ಗಟ್ಟಿ ಕಂಬಿಯ ಶೇ. 80ರಷ್ಟು ಬಿಗಿ ಕೊಡುತ್ತದೆ, ತೂಕ ಮಾತ್ರ ಶೇ. 56.

ನಾನು ಆರಿಸಿದ್ದು 22 ಮಿ.ಮೀ. ಗಟ್ಟಿ ಬಾರ್, ಪ್ರತಿ ತುದಿಯಲ್ಲೂ ಮೂರು ರಂಧ್ರ. ಲಿಂಕನ್ನು ತುತ್ತತುದಿಯ ರಂಧ್ರಕ್ಕೆ ಹಾಕಿದರೆ ತೋಳು ಉದ್ದ, ಬಾರ್ ಮೃದು. ಬಾಗಿನ ಹತ್ತಿರದ ರಂಧ್ರಕ್ಕೆ ಹಾಕಿದರೆ ತೋಳು ಗಿಡ್ಡ, ಬಾರ್ ಬಿಗಿ. ವಿದೇಶದಿಂದ ತರಿಸಿದ್ದರಿಂದ ಸುಂಕ ಸೇರಿ ದುಬಾರಿಯೇ ಆಯಿತು. ಅದನ್ನು ಕೇಳಿದ ಲೇಥ್ ಅಂಗಡಿಯವರೊಬ್ಬರು, "ಅಷ್ಟು ದುಡ್ಡು ಯಾಕೆ ಸಾರ್, ಇಎನ್8 ರಾಡ್ ತಂದು ಬಗ್ಗಿಸಿ ಕೊಡ್ತೀನಿ" ಅಂದರು. ಇಎನ್8 ಅಂದರೆ ಲೇಥ್ ಕೆಲಸಕ್ಕೆ ಬಳಸುವ ಒಂದು ಸಾಧಾರಣ ಉಕ್ಕು. ಮೈಸೂರಿನ ಲೇಥ್ ಕೈಗಳ ಮೇಲೆ ನನಗೆ ತುಂಬ ಗೌರವವಿದೆ. ಜಾವಾ, ಯೆಜ್ಡಿ ತಯಾರಾದ ಊರು ಇದು, ಇಲ್ಲಿ ಕೆಲಸ ಬಲ್ಲವರಿಗೆ ಬರವಿಲ್ಲ. ಆದರೆ ಈ ಕೆಲಸಕ್ಕೆ ಒಪ್ಪಲಿಲ್ಲ. ಬಿಗಿಯ ಮಟ್ಟಿಗೆ ಎಲ್ಲ ಉಕ್ಕೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಇಎನ್8 ಬಾರ್ ಮೊದಲ ದಿನ ಚೆನ್ನಾಗಿಯೇ ನಡೆಯುತ್ತದೆ. ವ್ಯತ್ಯಾಸ ಇರುವುದು ತಿರುಚಿದ ಮೇಲೆ ಮೊದಲಿನ ಆಕಾರಕ್ಕೆ ಮರಳುವ ಶಕ್ತಿಯಲ್ಲಿ. ಸ್ಪ್ರಿಂಗ್ ಉಕ್ಕನ್ನು ಬಗ್ಗಿಸಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಮಾಡಿರುತ್ತಾರೆ. ಆ ಹದ ಇಲ್ಲದ ಕಂಬಿ ಒಂದು ದೊಡ್ಡ ಗುಂಡಿಗೆ ಸೊಟ್ಟಗಾಗಿ ಹಾಗೇ ಉಳಿಯಬಹುದು, ಇಲ್ಲವೇ ಬಾಗಿನಲ್ಲಿ ಬಿರುಕು ಬಿಡಬಹುದು. ತುದಿಗೆ ಪಟ್ಟಿ ವೆಲ್ಡ್ ಮಾಡಿ ರಂಧ್ರ ಕೊರೆಯುವುದಂತೂ ಬೇಡವೇ ಬೇಡ. ವೆಲ್ಡಿಂಗ್ ಶಾಖಕ್ಕೆ ಆ ಜಾಗದ ಹದ ಹೋಗುತ್ತದೆ, ಮುರಿಯುವುದೂ ಅಲ್ಲೇ.

ಬಾರ್ ಬರುವುದಕ್ಕೆ ಮೊದಲು ಟೈರ್ ಬದಲಿಸಿದ್ದೆ. ಮಿನಿಗೆ ಬರುವ ರನ್-ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ತೆಗೆದು ಒಳ್ಳೆಯ ಸಾಮಾನ್ಯ ಟೈರ್ ಹಾಕಿಸಿದೆ. ಈ ಕಾರಿಗೆ ಸ್ಟೆಪ್ನಿ ಇಲ್ಲ, ಆದ್ದರಿಂದ ಪಂಕ್ಚರ್ ಕಿಟ್, ಗಾಳಿ ತುಂಬುವ ಪಂಪ್ ಡಿಕ್ಕಿಯಲ್ಲಿ ಇರಲೇಬೇಕು. ಟೈರ್ ಸವೆದಿದ್ದರೆ, ಶಾಕ್ ಅಬ್ಸಾರ್ಬರ್ ಎಣ್ಣೆ ಕಾರುತ್ತಿದ್ದರೆ ಬಾರ್‌ಗೆ ದುಡ್ಡು ಹಾಕಬೇಡಿ. ಮೊದಲು ಅವು.

ಕೆಲಸ ನಡೆದಿದ್ದು ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಗೆಳೆಯನ ಗ್ಯಾರೇಜಿನಲ್ಲಿ. ಎರಡು ಕಂಬದ ಲಿಫ್ಟ್ ಇದೆ. ಲಿಫ್ಟ್ ಇಲ್ಲದೆಯೂ ಮಾಡಬಹುದು, ಆದರೆ ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಕೊಟ್ಟೇ ಕೆಲಸ ಮಾಡಿ. ಈ ಮಿನಿಯಲ್ಲಿ ಹಿಂದಿನ ಬಾರ್ ಕೂತಿರುವುದು ಸಬ್‌ಫ್ರೇಮ್ (ಸಸ್ಪೆನ್ಷನ್ ಹೊರುವ ಲೋಹದ ಚೌಕಟ್ಟು) ಮೇಲೆ, ಅದಕ್ಕೂ ಬಾಡಿಗೂ ನಡುವಿನ ಇಕ್ಕಟ್ಟಿನಲ್ಲಿ. ಸಬ್‌ಫ್ರೇಮ್ ಇಳಿಸದೆ ಬಾರ್ ಹೊರಗೆ ಬರುವುದಿಲ್ಲ. ಚಕ್ರ ಬಿಚ್ಚಿದೆವು, ಸೈಲೆನ್ಸರ್ ಹ್ಯಾಂಗರ್ ಕಳಚಿದೆವು, ಸಬ್‌ಫ್ರೇಮ್ ಮೂಲ ಜಾಗ ಗೊತ್ತಾಗಲಿ ಎಂದು ಬೋಲ್ಟ್‌ಗಳ ಸುತ್ತ ಬಿಳಿ ಪೇಂಟಿನಿಂದ ಗುರುತು ಮಾಡಿದೆವು. ಟ್ರಾನ್ಸ್‌ಮಿಷನ್ ಜಾಕ್ ಕೆಳಗಿಟ್ಟು ಬೋಲ್ಟ್ ಸಡಿಲಿಸಿ ಇಂಚಿಂಚಾಗಿ ಇಳಿಸಿದೆವು. ಆಗ ಒಬ್ಬರು ಬೇರೇನೂ ಮಾಡದೆ ಬ್ರೇಕ್ ಹೋಸ್, ಎಬಿಎಸ್ ಸೆನ್ಸರ್ ವೈರ್, ಹ್ಯಾಂಡ್ ಬ್ರೇಕ್ ಕೇಬಲ್ ಈ ಮೂರನ್ನೇ ನೋಡುತ್ತಿರಬೇಕು. ಅವು ಬಿಗಿಯಾದರೆ ಅಲ್ಲಿಗೇ ನಿಲ್ಲಿಸಬೇಕು, ಕ್ಲಿಪ್ ಬಿಚ್ಚಿ ಸಡಿಲ ಕೊಟ್ಟು ಮುಂದುವರಿಯಬೇಕು.

ಹಳೆಯ ಬಾರ್ ಪಕ್ಕದಿಂದ ಜಾರಿಸಿ ತೆಗೆದಾಗ ಕಂಡದ್ದು ಬುಷ್‌ಗಳ ಸ್ಥಿತಿ. ಎಡಗಡೆ ಬುಷ್‌ನ ರಂಧ್ರ ದುಂಡಗಿರಲಿಲ್ಲ, ಮೊಟ್ಟೆಯಾಕಾರಕ್ಕೆ ಸವೆದಿತ್ತು. ಅದು ಕೂತಿದ್ದ ಜಾಗದಲ್ಲಿ ಬಾರ್ ಮೇಲಿನ ಕಪ್ಪು ಬಣ್ಣ ಹೋಗಿ ಬರೀ ಲೋಹ ಮಿನುಗುತ್ತಿತ್ತು, ಸುತ್ತ ಗ್ರೀಸಿನಂತೆ ಮೆತ್ತಿಕೊಂಡ ಕೆಂಪು ಮಣ್ಣು. ಅಂದರೆ ತಿರುವಿಗೆ ಇಳಿದ ಮೊದಲ ಕ್ಷಣ ಬಾರ್ ಈ ಸಡಿಲದಲ್ಲಿ ಅಲುಗಿ ಆಮೇಲೆ ಕೆಲಸ ಶುರು ಮಾಡುತ್ತಿತ್ತು. ಹಳೆಯ ಕಾರು ವಾಲುತ್ತದೆ ಅನ್ನುವವರು ಮೊದಲು ಬುಷ್, ಲಿಂಕ್ ಹೊಸದು ಹಾಕಿಸಿ ನೋಡಲಿ. ಅರ್ಧ ದೂರು ಅಲ್ಲೇ ಮುಗಿದೀತು. ಗುಂಡಿಯಲ್ಲಿ ಟಕಟಕ ಸದ್ದು ಬರುತ್ತಿದ್ದರೆ ಬಹುಪಾಲು ಲಿಂಕ್ ರಾಡಿನ ಬಾಲ್ ಜಾಯಿಂಟ್ ಹೋಗಿರುತ್ತದೆ.

ಹೊಸ ಬಾರ್ ಜೊತೆ ಬಂದದ್ದು ಪಾಲಿಯುರೆಥೇನ್ ಬುಷ್. ರಬ್ಬರಿಗಿಂತ ಗಟ್ಟಿ, ಕಡಿಮೆ ಹಿಚುಕುತ್ತದೆ. ಜೊತೆಗೆ ಕೊಟ್ಟ ಸಿಲಿಕೋನ್ ಗ್ರೀಸನ್ನು ಒಳಗೆಲ್ಲ ಧಾರಾಳವಾಗಿ ಸವರಬೇಕು, ಇಲ್ಲದಿದ್ದರೆ ಪ್ರತಿ ಹಂಪಿಗೂ ಹಳೆಯ ಬಾಗಿಲಿನಂತೆ ಕಿರ್ರೆನ್ನುತ್ತದೆ. ಬ್ರಾಕೆಟ್ ಬಿಗಿ ಮಾಡಿದ ಮೇಲೆ ಬಾರ್ ತುದಿಯನ್ನು ಕೈಯಲ್ಲಿ ಎತ್ತಿ ಇಳಿಸಿ ನೋಡಿದೆ. ಸ್ವಲ್ಪ ಬಿಗಿಯಿದ್ದರೂ ನುಣ್ಣಗೆ ತಿರುಗಿತು. ಅಲ್ಲಿ ತಡವರಿಸಿದರೆ ಬುಷ್ ಹಿಸುಕಿಕೊಂಡಿದೆ ಎಂದರ್ಥ, ಬಿಚ್ಚಿ ಮತ್ತೆ ಕೂರಿಸಬೇಕು.

ಲಿಂಕ್ ಜೋಡಿಸುವಾಗ ಎರಡೂ ಚಕ್ರಗಳ ಕಡೆ ಸಸ್ಪೆನ್ಷನ್ ಒಂದೇ ಎತ್ತರದಲ್ಲಿರಬೇಕು. ಒಂದು ಕಡೆ ಜಾಕ್ ಮೇಲೆ, ಇನ್ನೊಂದು ಕಡೆ ನೇತಾಡುತ್ತಿದ್ದರೆ ಎರಡನೇ ಲಿಂಕಿನ ಬೋಲ್ಟ್ ರಂಧ್ರಕ್ಕೆ ಹೊಂದುವುದೇ ಇಲ್ಲ, ಎರಡು ಬೆರಳು ಆಚೆ ನಿಂತಿರುತ್ತದೆ. ಹಾರೆ ಹಾಕಿ ಎಳೆದು ಕೂರಿಸುವವರನ್ನು ನೋಡಿದ್ದೇನೆ. ಅದರ ಅಗತ್ಯವೇ ಇಲ್ಲ. ಎರಡೂ ಕಡೆ ಸಮ ಮಾಡಿದ ಕೂಡಲೇ ಬೋಲ್ಟ್ ಬೆರಳಿನಲ್ಲೇ ತೂರಿತು. ಕಾರು ತನ್ನ ಚಕ್ರಗಳ ಮೇಲೆ ಸಮತಟ್ಟು ನೆಲದಲ್ಲಿ ನಿಂತಾಗ ಬಾರ್‌ನಲ್ಲಿ ಯಾವ ತಿರುಚೂ ಇರಬಾರದು. ಇದ್ದರೆ ಎಡ ತಿರುವಿನಲ್ಲಿ ಒಂದು ಗುಣ, ಬಲ ತಿರುವಿನಲ್ಲಿ ಇನ್ನೊಂದು ಗುಣ ತೋರಿಸುತ್ತದೆ. ಎಲ್ಲ ಬೋಲ್ಟ್ ಟಾರ್ಕ್ ರೆಂಚಿನಲ್ಲೇ (ಬಿಗಿಯನ್ನು ಅಳೆದು ತೋರಿಸುವ ಪಾನಾ) ಬಿಗಿ ಮಾಡಿ, ಸಬ್‌ಫ್ರೇಮ್ ಗುರುತಿಗೆ ಕೂರಿಸಿ, ಮಾರನೆಯ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಸಬ್‌ಫ್ರೇಮ್ ಇಳಿಸಿದ ಮೇಲೆ ಇದನ್ನು ಬಿಡುವಂತಿಲ್ಲ.

ಪರೀಕ್ಷೆಗೆ ಚಾಮುಂಡಿ ಬೆಟ್ಟದ ರಸ್ತೆಗೆ ಹೋಗಲಿಲ್ಲ, ಹೋಗಲೂ ಬಾರದು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವವರು, ಸೈಕಲ್‌ನವರು, ದೇವಸ್ಥಾನದ ಬಸ್ಸುಗಳು. ಪಾಂಡವಪುರದ ಹತ್ತಿರ ಪರಿಚಯದವರ ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ವಿಶಾಲ ಕಾಂಕ್ರೀಟ್ ಕಣವಿದೆ. ಸುಗ್ಗಿ ಇಲ್ಲದ ಸಮಯದಲ್ಲಿ ಅನುಮತಿ ಕೇಳಿ, ಗುಡಿಸಿ, ನಡುವೆ ಗೂಟ ಇಟ್ಟು ಹಗ್ಗದಲ್ಲಿ 15 ಮೀಟರ್ ತ್ರಿಜ್ಯದ ವೃತ್ತ ಎಳೆದೆವು. ಆ ವೃತ್ತದಲ್ಲಿ ಗಂಟೆಗೆ 35 ಕಿ.ಮೀ. ಅಂದರೆ ಪಕ್ಕಕ್ಕೆ ಎಳೆಯುವ ಬಲ ಸುಮಾರು 0.64 ಜಿ (ಒಂದು ಜಿ ಅಂದರೆ ಕಾರಿನ ತೂಕದಷ್ಟೇ ಬಲ), 40 ಕಿ.ಮೀ. ಅಂದರೆ 0.84 ಜಿ. ವೇಗ ಕಡಿಮೆ ಅನ್ನಿಸಿದರೂ ಟೈರಿಗೆ ಘಾಟಿಯಷ್ಟೇ ಕೆಲಸ. ಬಾರ್ ಬದಲಿಸುವ ಮುಂಚೆಯೂ ಇಲ್ಲೇ ಓಡಿಸಿದ್ದೆ, ಸ್ಟೀರಿಂಗ್ ಮೇಲೆ ಬಣ್ಣದ ಟೇಪ್ ಅಂಟಿಸಿ ವಿಡಿಯೊ ಮಾಡಿಟ್ಟುಕೊಂಡಿದ್ದೆ.

ಹೊಸ ಬಾರ್ ತುದಿ ರಂಧ್ರದಲ್ಲಿ, ಅಂದರೆ ಅತಿ ಮೃದು ಹಂತದಲ್ಲಿದ್ದಾಗಲೇ ಅದೇ ವೇಗಕ್ಕೆ ಸ್ಟೀರಿಂಗ್ ಮೊದಲಿಗಿಂತ ಕಡಿಮೆ ತಿರುಗಿಸಿದರೆ ಸಾಕಾಯಿತು. ಹೊರಗೆ ನಿಂತು ನೋಡಿದ ಗೆಳೆಯ ಹೇಳಿದ್ದು, ಹಿಂದಿನ ಒಳ ಚಕ್ರ ನೆಲಕ್ಕೆ ಹಗುರವಾಗಿ ತಾಗುತ್ತಿತ್ತು ಎಂದು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಅದರಿಂದ ತೊಂದರೆಯಿಲ್ಲ, ಎಳೆಯುವ ಚಕ್ರಗಳು ನೆಲ ಕಚ್ಚಿಕೊಂಡೇ ಇರುತ್ತವೆ. ವಾಲುವುದು ಪೂರ್ತಿ ನಿಂತಿಲ್ಲ. ನಿಲ್ಲಬೇಕಾಗಿಯೂ ಇಲ್ಲ, ಕಾರು ಎಷ್ಟು ದುಡಿಯುತ್ತಿದೆ ಎಂದು ಮೈಗೆ ತಿಳಿಸುವುದೇ ಆ ಅಲ್ಪ ವಾಲು. ನಡು ರಂಧ್ರಕ್ಕೆ ಹಾಕಿ ತಿರುವಿನ ಮಧ್ಯೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟಾಗ ಹಿಂಬದಿ ಹೊರಗೆ ಜಾರಿತು. ಖಾಲಿ ಕಣದಲ್ಲಿ ಅದು ಖುಷಿ. ರಸ್ತೆಗೆ ಅದು ಬೇಡ ಎಂದು ತುದಿ ರಂಧ್ರಕ್ಕೇ ಮರಳಿದೆ.

ನಮ್ಮ ರಸ್ತೆಗಳನ್ನು ನೆನೆದೇ ಈ ತೀರ್ಮಾನ. ಮಂಡ್ಯ ಕಡೆ ಕಬ್ಬಿನ ಲಾರಿ ಹೋದ ದಾರಿಯಲ್ಲಿ ರವುದಿ (ಕಬ್ಬಿನ ಒಣ ಗರಿ) ಬಿದ್ದಿರುತ್ತದೆ. ಸುಗ್ಗಿಯಲ್ಲಿ ರಾಗಿ, ಹುರುಳಿ ಒಕ್ಕಲು ರಸ್ತೆಗೇ ಹಾಸಿರುತ್ತಾರೆ. ಮಳೆ ಬಂದರೆ ಟ್ರ್ಯಾಕ್ಟರ್ ಚಕ್ರದ ಗದ್ದೆ ಕೆಸರು. ಪಕ್ಕದಲ್ಲೇ ವಿ.ಸಿ. ನಾಲೆ, ಎಷ್ಟೋ ಕಡೆ ತಡೆಗೋಡೆಯಿಲ್ಲ. ಹುರುಳಿ ಹೊಟ್ಟಿನ ಮೇಲೆ ಹಿಂದಿನ ಚಕ್ರ ಮೊದಲು ಜಾರುವ ಕಾರು ಯಾರಿಗೂ ಬೇಡ. ಜಾರುವಾಗ ತಾನೇ ಬ್ರೇಕ್ ಹಾಕಿ ಕಾರನ್ನು ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲನ್ನು ನಾನು ರಸ್ತೆಯಲ್ಲಿ ಎಂದೂ ಆಫ್ ಮಾಡುವುದಿಲ್ಲ. ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಮಿತಿಯಲ್ಲಿ ಲೇನ್ ಬದಲಿಸುವಾಗ ಮಾತ್ರ ಈ ಬಾರ್ ನಿತ್ಯವೂ ಸುಖ ಕೊಡುತ್ತದೆ. ಮೊದಲು ಬಾಡಿ ಒಂದು ಸಲ ಅತ್ತ ಹೋಗಿ ಮತ್ತೆ ಇತ್ತ ಬಂದು ನೆಲೆಯಾಗುತ್ತಿತ್ತು. ಈಗ ಒಂದೇ ಚಲನೆ.

ಕಾನೂನಿನ ಮಾತು. ನೋಂದಣಿ ಪುಸ್ತಕದ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿಯೇ ಹೇಳಿದೆ. ನಾನು ಕತ್ತರಿಸಿಲ್ಲ, ಕೊರೆದಿಲ್ಲ, ಕಾರಿನ ಎತ್ತರ ಬದಲಿಸಿಲ್ಲ. ಕಂಪನಿ ಬಾರ್ ಎಣ್ಣೆ ಸವರಿ ಮನೆಯಲ್ಲಿಟ್ಟಿದ್ದೇನೆ. ಆದರೂ ವಿಮೆ ಕಂಪನಿಗೆ ಲಿಖಿತವಾಗಿ ತಿಳಿಸಿದೆ, ನೀವೂ ಕೆಲಸಕ್ಕೆ ಮುಂಚೆಯೇ ಕೇಳಿಕೊಳ್ಳಿ.

ಮುಂದಿನ ಚಕ್ರಗಳ ಬಾರ್ ಬದಲಿಸುವುದು ಯಾವಾಗ ಎಂದು ಗ್ಯಾರೇಜಿನಲ್ಲಿ ಈಗಲೂ ಕೇಳುತ್ತಾರೆ. ಹಾಕುವುದಿಲ್ಲ. ಮುಂದೆ ದಪ್ಪ ಬಾರ್ ಹಾಕಿದರೆ ಕಾರು ಇನ್ನೂ ಕಡಿಮೆ ವಾಲುತ್ತದೆ, ಆದರೆ ತಿರುವಿನಿಂದ ಹೊರಬರುವಾಗ ಮುಂದಿನ ಒಳ ಚಕ್ರ ಹಗುರಾಗಿ ಸುಮ್ಮನೆ ಸುತ್ತುತ್ತದೆ, ಹಿಂದಿನ ಬಾರ್‌ನಿಂದ ಗಳಿಸಿದ ಸಮತೋಲ ಮತ್ತೆ ಕೈಬಿಡುತ್ತದೆ. ಹಿಂದಿನ ಚಕ್ರ ಎಳೆಯುವ ಕಾರು ಇರುವವರಿಗೆ ಲೆಕ್ಕ ಉಲ್ಟಾ. ಅಲ್ಲಿ ಹಿಂದೆ ದಪ್ಪ ಮಾಡಿದರೆ ಎಳೆಯುವ ಒಳ ಚಕ್ರವೇ ಹಿಡಿತ ಬಿಡುತ್ತದೆ, ಸಾಮಾನ್ಯವಾಗಿ ಮುಂದಿನಿಂದ ಶುರು ಮಾಡುತ್ತಾರೆ. ಮತ್ತೊಬ್ಬರ ಕಾರಿಗೆ ಒಗ್ಗಿದ ಅಳತೆಯನ್ನು ಹಾಗೇ ತರಿಸಬೇಡಿ. ಹಾಕಿಸಿದ ಮೇಲೆ ಸುಮಾರು 500 ಕಿ.ಮೀ. ಓಡಿಸಿ ಲಿಂಕ್ ಮತ್ತು ಬ್ರಾಕೆಟ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಿ. ನನ್ನದರಲ್ಲಿ ಬಲಗಡೆ ಲಿಂಕಿನ ನಟ್ ಕಾಲು ಸುತ್ತು ಹಿಡಿಯಿತು.