ಜಾವಾ ಲೈಬ್ರರಿಯನ್ನು ಮಾಡ್ಯೂಲ್ ವ್ಯವಸ್ಥೆಗಳಿಗೆ ಯಾವ ರೂಪದಲ್ಲಿ ಕಟ್ಟಬೇಕು?

2017ರ ಸೆಪ್ಟೆಂಬರ್‌ನಲ್ಲಿ ಜಾವಾ 9 ಬಿಡುಗಡೆಯಾದಂದಿನಿಂದ ಲೈಬ್ರರಿ ಬರೆಯುವವರು ಮೂರು ಬಗೆಯ ಬಳಕೆದಾರರನ್ನು ಗಮನದಲ್ಲಿಟ್ಟುಕೊಳ್ಳಬೇಕಾಗಿದೆ. ಕಂಪೈಲ್ ಆದ ಕ್ಲಾಸ್‌ಗಳ ಕಟ್ಟಾದ ಜಾರ್ ಕಡತವನ್ನು ಹಿಂದಿನಂತೆ ಕ್ಲಾಸ್‌ಪಾತ್‌ನಲ್ಲಿ, ಅಂದರೆ ಜಾವಾ ಕ್ಲಾಸ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಯಲ್ಲಿ, ಇಟ್ಟು ಬಳಸುವವರು ಮೊದಲನೆಯವರು; ಅದೇ ಜಾರನ್ನು ಜಾವಾ 9ರೊಂದಿಗೆ ಬಂದ, ಜಾವಾದ ಸ್ವಂತ ಮಾಡ್ಯೂಲ್ ವ್ಯವಸ್ಥೆಯ ಮಾಡ್ಯೂಲ್‌ಪಾತ್‌ನಲ್ಲಿ ಇಡುವವರು ಎರಡನೆಯವರು; ಓಎಸ್‌ಜಿಐ ಎಂಬ ಇನ್ನೊಂದು ಮಾಡ್ಯೂಲ್ ವ್ಯವಸ್ಥೆಯ ಕಂಟೇನರ್‌ನಲ್ಲಿ ಬಂಡಲ್ (ಅಲ್ಲಿ ಮಾಡ್ಯೂಲ್‌ಗಿರುವ ಹೆಸರು) ಆಗಿ ಹಾಕುವವರು ಮೂರನೆಯವರು. ಈ ಮೂವರಿಗೂ ಬೇರೆಬೇರೆ ಜಾರ್ ಕಟ್ಟುವ ಅಗತ್ಯವಿಲ್ಲ, ಕಟ್ಟಲೂ ಬಾರದು. ಒಂದೇ ಕ್ಲಾಸ್ ಎರಡು ಜಾರ್‌ಗಳ ಮೂಲಕ ಒಂದೇ ಅಪ್ಲಿಕೇಶನ್‌ಗೆ ಬಂದು ಸೇರಿದರೆ ಉಂಟಾಗುವ ಗೊಂದಲವನ್ನು ಬಿಡಿಸುವುದು ಬಹಳ ಕಷ್ಟ. ಮೂವರಿಗೂ ಸಲ್ಲುವ ಒಂದೇ ಜಾರನ್ನು ಯಾವ ಕ್ರಮದಲ್ಲಿ ಸಿದ್ಧಪಡಿಸಬೇಕು, ಯಾವ ಹಂತದಲ್ಲಿ ನಿಂತರೆ ಸಾಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಿರ್ಧರಿಸಬೇಕಾದದ್ದು ಮಾಡ್ಯೂಲ್‌ನ ಹೆಸರು. ಯಾವ ವಿವರವೂ ಇಲ್ಲದ ಜಾರನ್ನು ಮಾಡ್ಯೂಲ್‌ಪಾತ್‌ನಲ್ಲಿಟ್ಟರೆ ಜಾವಾ ಅದನ್ನು ಆಟೋಮ್ಯಾಟಿಕ್ ಮಾಡ್ಯೂಲ್ ಎಂದು ಪರಿಗಣಿಸಿ, ಕಡತದ ಹೆಸರಿನಿಂದಲೇ ಮಾಡ್ಯೂಲ್‌ನ ಹೆಸರನ್ನು ಹುಟ್ಟಿಸುತ್ತದೆ. ಉದಾಹರಣೆಗೆ ಟೆಕ್ಸ್ಟ್-ಟೂಲ್ಸ್-2.3.ಜಾರ್ ಎಂಬ ಕಡತದಲ್ಲಿ ಆವೃತ್ತಿಯ ಭಾಗ ಕಳಚಿ, ಅಡ್ಡಗೆರೆಯ ಜಾಗದಲ್ಲಿ ಚುಕ್ಕಿ ಬಂದು, ಟೆಕ್ಸ್ಟ್.ಟೂಲ್ಸ್ ಎಂಬ ಹೆಸರಾಗುತ್ತದೆ. ಯಾರಾದರೂ ಕಡತದ ಹೆಸರನ್ನು ಬದಲಿಸಿದರೆ ಮಾಡ್ಯೂಲ್‌ನ ಹೆಸರೂ ಬದಲಾಗುತ್ತದೆ. ಆ ಹೆಸರನ್ನು ನಂಬಿ, ಈ ಮಾಡ್ಯೂಲ್ ತಮಗೆ ಬೇಕು ಎಂದು ಹೇಳುವ ರಿಕ್ವೈರ್ಸ್ ಸಾಲು ಬರೆದವರ ಕೋಡ್ ಕಂಪೈಲ್ ಆಗುವುದು ನಿಂತುಹೋಗುತ್ತದೆ. ಇಂತಹ ಹೆಸರನ್ನು ಅವಲಂಬಿಸಿದ ಪ್ರಾಜೆಕ್ಟನ್ನು ಸಾರ್ವಜನಿಕ ರೆಪಾಸಿಟರಿಗೆ ಪ್ರಕಟಿಸಬೇಡಿ ಎಂದು ಮೇವನ್ ಎಂಬ ಬಿಲ್ಡ್ ಸಾಧನದ ಕಂಪೈಲರ್ ಪ್ಲಗಿನ್ ಎಚ್ಚರಿಸುವುದು ಇದೇ ಕಾರಣಕ್ಕೆ. ಆದ್ದರಿಂದ ಜಾರ್‌ನ ವಿವರಗಳಿರುವ ಮ್ಯಾನಿಫೆಸ್ಟ್ ಕಡತದಲ್ಲಿ ಆಟೋಮ್ಯಾಟಿಕ್-ಮಾಡ್ಯೂಲ್-ನೇಮ್ ಎಂಬ ಒಂದು ಸಾಲು ಸೇರಿಸಿ ಹೆಸರನ್ನು ಸ್ಥಿರಗೊಳಿಸುವುದು ಪ್ರತಿಯೊಬ್ಬ ಲೈಬ್ರರಿ ಲೇಖಕರೂ ಮಾಡಲೇಬೇಕಾದ ಕನಿಷ್ಠ ಕೆಲಸ. ಲೈಬ್ರರಿಯ ಬೇರು ಪ್ಯಾಕೇಜ್‌ನ ಹೆಸರನ್ನೇ, ಅಂದರೆ ಡೊಮೇನ್ ಹೆಸರನ್ನು ತಿರುಗಿಸಿ ಬರೆದ ಆರ್ಗ್.ಎಗ್ಸಾಂಪಲ್.ಟೆಕ್ಸ್ಟ್ ರೀತಿಯ ಹೆಸರನ್ನು, ಮಾಡ್ಯೂಲ್‌ಗೂ ಕೊಡುವುದು ಕ್ಷೇಮ. ಹಳೆಯ ಜಾವಾ ಆವೃತ್ತಿಗಳಿಗೆ ಈ ಸಾಲಿನಿಂದ ಯಾವ ತೊಂದರೆಯೂ ಇಲ್ಲ.

ಆದರೆ ಹೆಸರನ್ನು ಪ್ರಕಟಿಸುವ ಮುನ್ನ ಪ್ಯಾಕೇಜ್‌ಗಳನ್ನು ಒಮ್ಮೆ ಕೂಲಂಕಷವಾಗಿ ನೋಡಬೇಕು, ಏಕೆಂದರೆ ನಿಜವಾದ ಶ್ರಮ ಇರುವುದು ಅಲ್ಲಿಯೇ. ಟೆಕ್ಸ್ಟ್-ಕೋರ್ ಮತ್ತು ಟೆಕ್ಸ್ಟ್-ಜೇಸನ್ ಎಂಬ ಎರಡು ಜಾರ್‌ಗಳಿದ್ದು, ಎರಡರಲ್ಲೂ ಯುಟಿಲ್ ಎಂದು ಕೊನೆಗೊಳ್ಳುವ ಒಂದೇ ಹೆಸರಿನ ಪ್ಯಾಕೇಜ್ ಇದೆ ಎಂದುಕೊಳ್ಳೋಣ. ಕ್ಲಾಸ್‌ಪಾತ್‌ನಲ್ಲಿ ಇದು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ನಡೆದುಕೊಂಡು ಹೋಗುತ್ತದೆ. ಮಾಡ್ಯೂಲ್‌ಪಾತ್‌ನಲ್ಲಿ ಆ ಎರಡೂ ಒಟ್ಟಿಗೆ ಬಂದರೆ ಅಪ್ಲಿಕೇಶನ್ ಆರಂಭವಾಗುವುದೇ ಇಲ್ಲ. ಓಎಸ್‌ಜಿಐನಲ್ಲಿ ಒಂದು ಪ್ಯಾಕೇಜನ್ನು ಆಮದು ಮಾಡಿಕೊಳ್ಳುವ ಬಂಡಲ್‌ಗೆ ಅದನ್ನು ಒದಗಿಸುವ ಒಂದು ಬಂಡಲ್ ಮಾತ್ರ ಜೋಡಣೆಯಾಗುವುದರಿಂದ, ಇನ್ನೊಂದು ಜಾರ್‌ನಲ್ಲಿರುವ ಕ್ಲಾಸ್ ಸಿಗದೆ, ಪ್ರೋಗ್ರಾಂ ಓಡುತ್ತಿರುವಾಗ ದೋಷ ಕಾಣಿಸಿಕೊಳ್ಳುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ತಡವಾಗಿ ಗೊತ್ತಾಗುತ್ತದೆ. ಇದಕ್ಕೆ ಪರಿಹಾರ ಒಂದೇ: ಒಂದು ಪ್ಯಾಕೇಜ್ ಒಂದೇ ಜಾರ್‌ನಲ್ಲಿರಬೇಕು. ಪ್ಯಾಕೇಜ್‌ನ ಹೆಸರು ಬದಲಿಸುವುದೆಂದರೆ ಬಳಕೆದಾರರ ಕೋಡ್ ಮುರಿಯುವುದೇ ಆದ್ದರಿಂದ, ಇದನ್ನು ಮುಂದಿನ ದೊಡ್ಡ ಆವೃತ್ತಿಗೆಂದು ಕಾದಿರಿಸಿ, ಅಲ್ಲಿಯೇ ಒಳಬಳಕೆಯ ಕ್ಲಾಸ್‌ಗಳನ್ನೂ ಇಂಟರ್ನಲ್ ಎಂಬ ಪ್ರತ್ಯೇಕ ಪ್ಯಾಕೇಜ್‌ಗೆ ಸರಿಸುವುದು ಒಳ್ಳೆಯದು. ಸಾರ್ವಜನಿಕ ಕ್ಲಾಸ್‌ಗಳೂ ಒಳಬಳಕೆಯ ಕ್ಲಾಸ್‌ಗಳೂ ಒಂದೇ ಪ್ಯಾಕೇಜ್‌ನಲ್ಲಿ ಬೆರೆತಿದ್ದರೆ ಎರಡು ವ್ಯವಸ್ಥೆಗಳಲ್ಲಿ ಯಾವುದೂ ಅವುಗಳನ್ನು ಬೇರ್ಪಡಿಸಿಕೊಡಲಾರದು. ಎರಡರಲ್ಲೂ ಹೊರಗೆ ತೋರಿಸುವ ಅಥವಾ ಮುಚ್ಚಿಡುವ ಘಟಕ ಪ್ಯಾಕೇಜ್ ಮಾತ್ರ.

ಮುಂದಿನ ಪ್ರಶ್ನೆ, ಮಾಡ್ಯೂಲ್‌ಗೆ ಏನು ಬೇಕು, ಅದು ಏನನ್ನು ಹೊರಗೆ ತೋರಿಸುತ್ತದೆ ಎಂದು ಹೇಳುವ ಮಾಡ್ಯೂಲ್-ಇನ್ಫೋ ಕಡತ ಬರೆದು ಪೂರ್ಣ ಪ್ರಮಾಣದ ಮಾಡ್ಯೂಲ್ ಆಗಬೇಕೇ ಎಂಬುದು. ಆಟೋಮ್ಯಾಟಿಕ್ ಮಾಡ್ಯೂಲ್ ತನ್ನೆಲ್ಲ ಪ್ಯಾಕೇಜ್‌ಗಳನ್ನೂ ಹೊರಗೆ ತೆರೆದಿಡುತ್ತದೆ ಮತ್ತು ಜೆಲಿಂಕ್ ಬಳಸಿ ಕಿರಿದಾದ ರನ್‌ಟೈಮ್ ಕಟ್ಟುವವರಿಗೆ ಒದಗುವುದಿಲ್ಲ, ಏಕೆಂದರೆ ಜೆಲಿಂಕ್ ಅಂತಹ ಮಾಡ್ಯೂಲ್‌ಗಳನ್ನು ನಿರಾಕರಿಸುತ್ತದೆ. ಇವೆರಡೂ ನಿಮ್ಮ ಬಳಕೆದಾರರಿಗೆ ಮುಖ್ಯವಾಗಿದ್ದರೆ ಮಾಡ್ಯೂಲ್-ಇನ್ಫೋ ಬೇಕು. ಆದರೆ ನಿಮ್ಮ ಲೈಬ್ರರಿ ಅವಲಂಬಿಸಿರುವ ಇತರ ಲೈಬ್ರರಿಗಳು ಕನಿಷ್ಠ ಸ್ಥಿರವಾದ ಹೆಸರನ್ನಾದರೂ ಪಡೆದಿವೆಯೇ ಎಂದು ಮೊದಲು ಪರೀಕ್ಷಿಸಿ. ಇಲ್ಲದಿದ್ದರೆ ಅವರು ಹೆಸರು ಬದಲಿಸಿದ ದಿನ ನಿಮ್ಮ ಬಿಡುಗಡೆ ಕೆಡುತ್ತದೆ. ಯಾವ ಅವಲಂಬನೆಯೂ ಇಲ್ಲದ ಚಿಕ್ಕ ಲೈಬ್ರರಿಯಾದರೆ ಹಿಂಜರಿಯಲು ಕಾರಣವೇ ಇಲ್ಲ. ಜೆಡೆಪ್ಸ್ ಎಂಬ ಸಾಧನ ಮಾಡ್ಯೂಲ್-ಇನ್ಫೋದ ಮೊದಲ ಕರಡನ್ನು ತಾನೇ ತಯಾರಿಸಿಕೊಡುತ್ತದೆ. ಆದರೆ ಅದನ್ನು ಹಾಗೆಯೇ ಬಳಸದೆ, ಪ್ಯಾಕೇಜ್‌ಗಳನ್ನು ಹೊರಗೆ ತೋರಿಸುವ ಎಕ್ಸ್‌ಪೋರ್ಟ್ಸ್ ಸಾಲುಗಳನ್ನು ಕೈಯಾರೆ ಕಡಿಮೆ ಮಾಡಬೇಕು. ನಿಮ್ಮ ಸಾರ್ವಜನಿಕ ಮೆಥಡ್‌ಗಳಲ್ಲಿ ಬೇರೊಂದು ಲೈಬ್ರರಿಯ ಟೈಪ್ ಕಾಣಿಸಿಕೊಂಡರೆ ಅದಕ್ಕೆ ರಿಕ್ವೈರ್ಸ್ ಟ್ರಾನ್ಸಿಟಿವ್ ಎಂದೂ, ಕಂಪೈಲ್ ಮಾಡುವಾಗ ಮಾತ್ರ ಬೇಕಾದ ಅನೊಟೇಶನ್‌ಗಳಿಗೆ ರಿಕ್ವೈರ್ಸ್ ಸ್ಟ್ಯಾಟಿಕ್ ಎಂದೂ ಬರೆಯಬೇಕು.

ಜಾವಾ 8 ಬಳಕೆದಾರರನ್ನು ಕೈಬಿಡಲಾಗದಿದ್ದರೆ, ಉಳಿದ ಕೋಡನ್ನು 8ಕ್ಕೂ ಮಾಡ್ಯೂಲ್-ಇನ್ಫೋ ಒಂದನ್ನು ಮಾತ್ರ 9ಕ್ಕೂ ಕಂಪೈಲ್ ಮಾಡಿ ಒಂದೇ ಜಾರ್‌ನಲ್ಲಿ ಸೇರಿಸಬಹುದು; ಜಾವಾ 8 ಆ ಕಡತದತ್ತ ನೋಡುವುದೇ ಇಲ್ಲ. ಜಾರ್‌ನ ಒಳಗಿನ ಎಲ್ಲ ಕ್ಲಾಸ್ ಕಡತಗಳನ್ನೂ ಓದಲು ಹೊರಡುವ ಕೆಲವು ಹಳೆಯ ಸಾಧನಗಳು ಮಾತ್ರ ಅದನ್ನು ಕಂಡು ಎಡವುತ್ತವೆ. ಅದನ್ನು ಮೆಟಾ-ಇನ್ಫ್ ಅಡಿಯ ವರ್ಷನ್ಸ್ 9 ಫೋಲ್ಡರ್‌ನಲ್ಲಿಟ್ಟು ಮಲ್ಟಿ-ರಿಲೀಸ್ ಜಾರ್ (ಬೇರೆಬೇರೆ ಜಾವಾ ಆವೃತ್ತಿಗಳಿಗೆ ಬೇರೆಬೇರೆ ಕಡತಗಳಿರುವ ಜಾರ್) ಮಾಡುವ ದಾರಿಯೂ ಇದೆ.

ಒಂದು ಇಂಟರ್‌ಫೇಸ್‌ನ ಅನುಷ್ಠಾನಗಳನ್ನು ಓಡುವಾಗ ಹುಡುಕಿಕೊಡುವ ಸರ್ವಿಸ್ ಲೋಡರ್ ಬಳಸುವ ಲೈಬ್ರರಿಗಳು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕ್ಲಾಸ್‌ಪಾತ್‌ನಲ್ಲಿಯೂ ಆಟೋಮ್ಯಾಟಿಕ್ ಮಾಡ್ಯೂಲ್‌ನಲ್ಲಿಯೂ ಆ ಅನುಷ್ಠಾನಗಳ ಹೆಸರು ಬರೆದಿಡುವ ಮೆಟಾ-ಇನ್ಫ್ ಸರ್ವಿಸಸ್ ಕಡತ ಕೆಲಸ ಮಾಡುತ್ತದೆ. ಮಾಡ್ಯೂಲ್-ಇನ್ಫೋ ಬಂದ ಕೂಡಲೇ ಮಾಡ್ಯೂಲ್‌ಪಾತ್‌ನಲ್ಲಿ ಆ ಕಡತಕ್ಕೆ ಬೆಲೆಯಿಲ್ಲ, ಪ್ರೊವೈಡ್ಸ್ ಸಾಲೇ ಬೇಕು. ಎರಡನ್ನೂ ಇಟ್ಟುಕೊಂಡು, ಎರಡೂ ಒಂದನ್ನೇ ಹೇಳುತ್ತಿವೆಯೇ ಎಂದು ಪರೀಕ್ಷೆಯಲ್ಲಿ ಖಚಿತಪಡಿಸಿಕೊಳ್ಳಿ.

ಓಎಸ್‌ಜಿಐ ವಿಷಯಕ್ಕೆ ಬಂದರೆ, 1999ರಲ್ಲಿ ಆರಂಭವಾದ ಈ ವ್ಯವಸ್ಥೆ ಜಾವಾದ ಸ್ವಂತ ಮಾಡ್ಯೂಲ್‌ಗಳಿಗಿಂತ ಬಹಳ ಹಳೆಯದು. ಕೋಡ್ ಬರೆಯುವ ಸಾಧನವಾದ ಎಕ್ಲಿಪ್ಸ್ 2004ರ 3.0 ಆವೃತ್ತಿಯಿಂದ ಅದರ ಮೇಲೆಯೇ ನಿಂತಿದೆ. ಬಂಡಲ್ ಆಗಲು ಬೇಕಾದದ್ದು ಮ್ಯಾನಿಫೆಸ್ಟ್‌ನ ಕೆಲವು ಸಾಲುಗಳಷ್ಟೇ, ಮತ್ತು ಅವುಗಳನ್ನು ಕೈಯಿಂದ ಬರೆಯಬಾರದು. ಬಿಎನ್‌ಡಿ ಎಂಬ ಸಾಧನ ಕಂಪೈಲ್ ಆದ ಕ್ಲಾಸ್‌ಗಳನ್ನು ಓದಿ, ಯಾವ ಪ್ಯಾಕೇಜ್ ಯಾವ ಆವೃತ್ತಿಯ ವ್ಯಾಪ್ತಿಯಲ್ಲಿ ಬೇಕೆಂದು ತಾನೇ ಲೆಕ್ಕಹಾಕಿ ಬರೆಯುತ್ತದೆ. ಇಲ್ಲಿ ಆವೃತ್ತಿಗೆ ನಿಜವಾದ ಅರ್ಥವಿದೆ: ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಪಕ್ಕಪಕ್ಕದಲ್ಲಿ ಇರಬಲ್ಲವು, ಆದರೆ ಜಾವಾದ ಸ್ವಂತ ವ್ಯವಸ್ಥೆ ಮಾಡ್ಯೂಲ್‌ಗಳನ್ನು ಜೋಡಿಸುವಾಗ ಆವೃತ್ತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆವೃತ್ತಿಯನ್ನು ಬರೆಯುವ ರೀತಿಯೂ ಕಟ್ಟುನಿಟ್ಟು, 1.2-ಬೀಟಾ ಎಂಬುದು ಒಪ್ಪಿಗೆಯಾಗದು, 1.2.0.ಬೀಟಾ ಎಂಬುದು ಆಗುತ್ತದೆ.

ಪ್ಯಾಕೇಜಿಂಗ್‌ನಿಂದ ಮಾತ್ರ ಪರಿಹಾರವಾಗದ ಒಂದು ಸಮಸ್ಯೆಯೆಂದರೆ ರಿಫ್ಲೆಕ್ಷನ್, ಅಂದರೆ ಪ್ರೋಗ್ರಾಂ ಓಡುವಾಗಲೇ ಕ್ಲಾಸ್‌ಗಳನ್ನೂ ಅವುಗಳ ಫೀಲ್ಡ್‌ಗಳನ್ನೂ ಹುಡುಕಿ ಬಳಸುವುದು. ಕ್ಲಾಸ್‌ನ ಹೆಸರನ್ನು ಸ್ಟ್ರಿಂಗ್ ಆಗಿ ಪಡೆದು ನಿಮ್ಮ ಲೈಬ್ರರಿಯೇ ಅದನ್ನು ಹುಡುಕಲು ಹೊರಟರೆ, ಓಎಸ್‌ಜಿಐನಲ್ಲಿ ಕ್ಲಾಸ್‌ಗಳನ್ನು ಹುಡುಕಿ ತರುವ ನಿಮ್ಮ ಕ್ಲಾಸ್‌ಲೋಡರ್‌ಗೆ ಬಳಕೆದಾರರ ಕ್ಲಾಸ್ ಕಾಣುವುದಿಲ್ಲ. ಜಾವಾ ಮಾಡ್ಯೂಲ್‌ಗಳಲ್ಲಿ ಕ್ಲಾಸ್ ಸಿಕ್ಕರೂ, ಬಳಕೆದಾರರು ಆ ಪ್ಯಾಕೇಜನ್ನು ಓಪನ್ಸ್ ಸಾಲಿನ ಮೂಲಕ ನಿಮಗೆ ತೆರೆದುಕೊಡದಿದ್ದರೆ ಅದರ ಖಾಸಗಿ ಫೀಲ್ಡ್‌ಗಳನ್ನು ಮುಟ್ಟಲಾಗದು. ಹೆಸರಿನ ಬದಲು ಕ್ಲಾಸನ್ನೇ, ಸಾಧ್ಯವಾದರೆ ಕರೆಯುವವರ ಪ್ರವೇಶದ ಹಕ್ಕನ್ನು ಹೊತ್ತಿರುವ ಲುಕಪ್ ಆಬ್ಜೆಕ್ಟನ್ನೂ, ಕರೆಯುವವರಿಂದಲೇ ಪಡೆಯುವ ಮೆಥಡ್ ಕೊಟ್ಟರೆ ಎರಡೂ ಕಡೆ ತೊಡಕು ತಪ್ಪುತ್ತದೆ.

ಕೊನೆಯ ಕೆಲಸ ಪರೀಕ್ಷೆ, ಮತ್ತು ಲೈಬ್ರರಿಯ ಒಳಗಿನ ಪರೀಕ್ಷೆಗಳು ಇದಕ್ಕೆ ಸಾಲವು; ಮಾಡ್ಯೂಲ್‌ನ ಒಳಗೇ ಕುಳಿತು ಓಡುವ ಪರೀಕ್ಷೆಗೆ, ಹೊರಗಿನವರಿಗೆ ಏನು ಕಾಣುತ್ತದೆ ಎಂಬುದು ತಿಳಿಯದು. ಜಾರ್ ಆಜ್ಞೆಗೆ ಡಿಸ್ಕ್ರೈಬ್-ಮಾಡ್ಯೂಲ್ ಆಯ್ಕೆ ಕೊಟ್ಟು ಹೆಸರನ್ನೂ ಹೊರಗೆ ಕಾಣುವ ಪ್ಯಾಕೇಜ್‌ಗಳನ್ನೂ ಕಣ್ಣಾರೆ ನೋಡಿ, ನಂತರ ಲೈಬ್ರರಿಯನ್ನು ಬಳಸುವ ಪುಟ್ಟದೊಂದು ಪ್ರಾಜೆಕ್ಟ್ ಬರೆದು ಅದನ್ನು ಒಮ್ಮೆ ಕ್ಲಾಸ್‌ಪಾತ್‌ನಲ್ಲಿ, ಒಮ್ಮೆ ಮಾಡ್ಯೂಲ್‌ಪಾತ್‌ನಲ್ಲಿ, ಒಮ್ಮೆ ಫೆಲಿಕ್ಸ್ ಅಥವಾ ಎಕ್ವಿನಾಕ್ಸ್ ಎಂಬ ಓಎಸ್‌ಜಿಐ ಕಂಟೇನರ್‌ನಲ್ಲಿ ಓಡಿಸುವ ವ್ಯವಸ್ಥೆಯನ್ನು ಬಿಲ್ಡ್‌ಗೇ ಸೇರಿಸಿ. ಇವುಗಳಲ್ಲಿ ಯಾವುದಾದರೊಂದನ್ನು ನಿಯಮಿತವಾಗಿ ಓಡಿಸಲು ಸಾಧ್ಯವಿಲ್ಲದಿದ್ದರೆ, ಆ ವ್ಯವಸ್ಥೆಗೆ ಬೆಂಬಲವಿದೆ ಎಂದು ದಾಖಲೆಯಲ್ಲಿ ಬರೆಯದಿರುವುದೇ ಸರಿ.