ಹನ್ನೊಂದು ಅಡಿಯ ದೋಣಿಗೆ ಮೋಟಾರು ಹುಡುಕಿದ್ದು

ಅಘನಾಶಿನಿ ಹೊಳೆ ತದಡಿಯ ಬಳಿ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವಲ್ಲಿ, ನಮ್ಮ ಮನೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಕುರ್ವೆಯೊಂದರಲ್ಲಿ, ಅಂದರೆ ಹೊಳೆಯ ನಡುಗಡ್ಡೆಯಲ್ಲಿ, ನಮಗೆ ಹಿರಿಯರ ಕಾಲದ ತೆಂಗಿನ ತೋಟವಿದೆ. ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ವಾರಕ್ಕೆ ಮೂರು ನಾಲ್ಕು ಸಲ ಅಲ್ಲಿಗೆ ಹೋಗಿ ಬರಬೇಕಾಗಿದ್ದರಿಂದ ಹನ್ನೊಂದು ಅಡಿಯ ಫೈಬರ್ ದೋಣಿಯೊಂದನ್ನು ಮಾಡಿಸಿಕೊಂಡೆ. ಎರಡು ವರ್ಷ ಹುಟ್ಟು ಹಾಕಿಯೇ ಓಡಾಡಿದೆ. ಮೂರನೆಯ ವರ್ಷ ಸೊಂಟ ಒಪ್ಪದಿದ್ದಾಗ ಮೋಟಾರಿನ ಯೋಚನೆ ಬಂತು.

ಕೇಳಿದವರೆಲ್ಲರೂ ಹೇಳಿದ್ದು ಅಶ್ವಶಕ್ತಿಯ ಲೆಕ್ಕವನ್ನು ಮಾತ್ರ. ನೆರೆಯಲ್ಲಿದ್ದ ಮೀನುಗಾರರೊಬ್ಬರು, "ಮಾಸ್ತರೇ, ಇಳಿತದ ಸೆಳೆತ ನಿಮಗೆ ಗೊತ್ತೇ ಉಂಟು, ಎಂಟಾದ್ರೂ ಬೇಕು" ಎಂದು ಹೇಳಿ, ತಮ್ಮ ನಾಡದೋಣಿಯ ಹಳೆಯ ಎಂಟು ಅಶ್ವಶಕ್ತಿಯ ಸೀಮೆಎಣ್ಣೆ ಮೋಟಾರನ್ನು ಎರಡು ದಿನಕ್ಕೆ ಕೊಟ್ಟರು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ಬಂದು ಕಾರ್ಬ್ಯುರೇಟರನ್ನು ತೊಳೆಯಬೇಕಾದ ಆ ಕ್ರಮವನ್ನು ಕಲಿತದ್ದೇ ಲಾಭವಾಯಿತು. ಉಳಿದಂತೆ ಆ ಎರಡು ದಿನಗಳು ನನಗೆ ಏನು ಬೇಡವೆಂಬುದನ್ನು ಸ್ಪಷ್ಟವಾಗಿ ತೋರಿಸಿದವು. ಅರ್ಧ ವೇಗ ಕೊಡುವಷ್ಟರಲ್ಲೇ ದೋಣಿಯ ಮೂತಿ ಮೇಲೆದ್ದು ಹಿಂಭಾಗ ನೀರಿನಲ್ಲಿ ಕುಸಿಯುತ್ತಿತ್ತು. ಎರಡನೆಯ ದಿನ ಇಳಿತದ ಹೊತ್ತಿಗೆ ಪ್ರೊಪೆಲ್ಲರ್ ಕೆಸರಿನಡಿಯ ಚಿಪ್ಪಿನ ರಾಶಿಗೆ ಬಡಿದು, ಅದನ್ನು ಶಾಫ್ಟಿಗೆ ಹಿಡಿದಿಡುವ ಪಿನ್ನು ಕಡಿಯಿತು. ಪಿನ್ನು ಇರುವುದೇ ಗೇರನ್ನು ಉಳಿಸಿ ತಾನು ಕಡಿಯುವುದಕ್ಕೆ ಎಂದು ಮೋಟಾರಿನ ಯಜಮಾನರು ಸಮಾಧಾನ ಹೇಳಿದರೂ ನನಗೆ ಬಹಳ ನಾಚಿಕೆಯಾಯಿತು.

ಆಮೇಲೆ ನಾನು ಕೇಳುವುದನ್ನು ಬಿಟ್ಟು ಅಳೆಯುವುದಕ್ಕೆ ತೊಡಗಿದೆ.

ಮೊದಲು ಅಳೆದದ್ದು ಮೋಟಾರನ್ನು ಕಚ್ಚಿಸುವ ಹಿಂಬದಿಯ ಹಲಗೆಯ ಎತ್ತರವನ್ನು. ಹಲಗೆಯ ಮೇಲಂಚಿನ ನಡುವಿನಿಂದ ದೋಣಿಯ ತಳದವರೆಗೆ ನನ್ನದು ಹದಿನೈದೂವರೆ ಅಂಗುಲ ಬಂತು. ಸಣ್ಣ ಮೋಟಾರುಗಳು ಸಾಮಾನ್ಯವಾಗಿ 15 ಅಂಗುಲದ ಹಲಗೆಗೆಂದು ಶಾರ್ಟ್ ಶಾಫ್ಟ್ (ನೀರಿಗಿಳಿಯುವ ದಂಡ ಗಿಡ್ಡದ್ದು), 20 ಅಂಗುಲದ್ದಕ್ಕೆಂದು ಲಾಂಗ್ ಶಾಫ್ಟ್ ಎಂಬ ಎರಡು ಅಳತೆಗಳಲ್ಲಿ ಬರುತ್ತವೆ. ಪ್ರೊಪೆಲ್ಲರಿನ ಮೇಲಿರುವ ಅಡ್ಡ ತಟ್ಟೆ ದೋಣಿಯ ತಳಕ್ಕೆ ಸಮನಾಗಿ ಅಥವಾ ಒಂದು ಅಂಗುಲ ಕೆಳಗೆ ನಿಂತರೆ ಅಳತೆ ಸರಿಯೆಂದು ಅರ್ಥ. ತೀರ ಮೇಲಿದ್ದರೆ ಪ್ರೊಪೆಲ್ಲರ್ ಗಾಳಿಯನ್ನೆಳೆದುಕೊಂಡು ಸುಮ್ಮನೆ ಸುತ್ತುತ್ತದೆ. ನನಗೆ ಸಾಲ ಸಿಕ್ಕಿದ್ದು ಲಾಂಗ್ ಶಾಫ್ಟಿನ ಮೋಟಾರಾಗಿದ್ದು, ಅದರ ಪ್ರೊಪೆಲ್ಲರ್ ಇರಬೇಕಾದುದಕ್ಕಿಂತ ಹೆಚ್ಚುಕಡಿಮೆ ಐದು ಅಂಗುಲ ಆಳದಲ್ಲಿತ್ತು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಕುರ್ವೆಯ ಸುತ್ತ ಎರಡು ಅಡಿ ನೀರೂ ಉಳಿಯದ ಕಡೆ ಐದು ಅಂಗುಲವೆಂದರೆ ಚಿಲ್ಲರೆ ಮಾತಲ್ಲ.

ಎರಡನೆಯದು ಸೆಳೆತದ ಅಳತೆ. ದಡದ ಉದ್ದಕ್ಕೆ ಮೂವತ್ತು ಮೀಟರ್ ಹಗ್ಗ ಹಿಡಿದು, ಇಳಿತದ ನಡುವಿನ ಹೊತ್ತಿನಲ್ಲಿ ಒಣಗಿದ ತೆಂಗಿನಕಾಯಿಯೊಂದನ್ನು ತೇಲಿಬಿಟ್ಟು ಗಡಿಯಾರ ನೋಡಿದೆ. ಬೇರೆ ಬೇರೆ ದಿನಗಳಲ್ಲಿ ನೋಡಿದಾಗ ಅತಿ ವೇಗದ ಸೆಳೆತಕ್ಕೆ ನಲವತ್ತು ಸೆಕೆಂಡು ಹಿಡಿಯಿತು, ಅಂದರೆ ಗಂಟೆಗೆ 2.7 ಕಿಲೋಮೀಟರ್. ಇನ್ನು ದೋಣಿಯ ವೇಗಕ್ಕೆ ಅದರ ಉದ್ದವೇ ಒಂದು ಕಡಿವಾಣ. ನನ್ನದರಂತಹ ಭಾರದ ದೋಣಿ ತಾನೇ ಎಬ್ಬಿಸಿದ ಮುಂದಿನ ಅಲೆಗೂ ಹಿಂದಿನ ಅಲೆಗೂ ನಡುವೆ ಸಿಕ್ಕಿಕೊಂಡು ಸಾಗುತ್ತದೆ. ನೀರಿಗೆ ತಾಗುವ ಉದ್ದದ ಅಡಿಗಳ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. ಹತ್ತು ಅಡಿಗೆ ಅದು 4.2 ನಾಟ್, ನಮ್ಮ ಲೆಕ್ಕದಲ್ಲಿ ಗಂಟೆಗೆ ಎಂಟು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅದಕ್ಕಿಂತ ಹೆಚ್ಚು ಶಕ್ತಿ ಕೊಟ್ಟರೆ ದೋಣಿ ತನ್ನದೇ ಅಲೆಯನ್ನು ಹತ್ತಲು ಹೊರಟು ಮೂತಿಯನ್ನೆತ್ತುತ್ತದೆ, ಎಣ್ಣೆ ಖರ್ಚಾಗುತ್ತದೆ, ದಾರಿ ಮಾತ್ರ ಅಷ್ಟೇನೂ ಬೇಗ ಸಾಗುವುದಿಲ್ಲ. ಎಂಟು ಅಶ್ವಶಕ್ತಿಯ ಮೋಟಾರು ಮಾಡುತ್ತಿದ್ದುದು ಇದನ್ನೇ. ಎರಡೂವರೆ ಅಶ್ವಶಕ್ತಿಯ ಆಸುಪಾಸಿನ ಮೋಟಾರು ಆರು ಏಳು ಕಿಲೋಮೀಟರ್ ವೇಗ ಕೊಟ್ಟರೂ, ಸೆಳೆತಕ್ಕೆ ಎದುರಾಗಿ ನನ್ನ ಕೈಯಲ್ಲಿ ನಾಲ್ಕು ಉಳಿಯುತ್ತದೆ. ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲದ್ದರಿಂದ ಮಳೆಗಾಲದ ನೆರೆ ನೇರವಾಗಿ ಕೆಳಗಿಳಿಯುತ್ತದೆ. ಆ ನಾಲ್ಕು ತಿಂಗಳು ದೋಣಿಯನ್ನು ಹೇಗೂ ಮೇಲೆಳೆದು ಇಡುತ್ತೇನಾದ್ದರಿಂದ ಆ ನೀರಿಗೆ ತಕ್ಕ ಮೋಟಾರನ್ನು ಹುಡುಕುವ ಅಗತ್ಯವಿರಲಿಲ್ಲ.

ಮೂರನೆಯದಾದ ತೂಕವೇ ನಿರ್ಣಾಯಕವಾಯಿತು. ಮೋಟಾರನ್ನು ರಾತ್ರಿ ದೋಣಿಯಲ್ಲೇ ಬಿಡುವಂತಿಲ್ಲ. ಪ್ರತಿ ಸಲವೂ ಬಿಚ್ಚಿ, ಕೆಸರು ದಾಟಿ, ದಡ ಹತ್ತಿ, ಮನೆಗೆ ಹೊತ್ತು ತರಬೇಕು. ಅನೇಕ ಕಂಪನಿಗಳ 4, 5, 6 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಮೋಟಾರುಗಳಿಗೆ ಒಳಗಿನ ಎಂಜಿನ್ ಒಂದೇ ಆಗಿದ್ದು, ತೂಕ 25ರಿಂದ 27 ಕಿಲೋ ಇರುತ್ತದೆ, ಆದ್ದರಿಂದ ಆರರ ಬದಲು ನಾಲ್ಕನ್ನು ಕೊಂಡರೆ ಬೆನ್ನಿಗೆ ಉಳಿತಾಯವೇನೂ ಇಲ್ಲ. ಅದಕ್ಕಿಂತ ಕೆಳಗಿನ 2ರಿಂದ 3.5 ಅಶ್ವಶಕ್ತಿಯ ವರ್ಗ 13ರಿಂದ 19 ಕಿಲೋದೊಳಗೆ ಬರುತ್ತದೆ. ನಾನು ಒಂದು ಚೀಲದಲ್ಲಿ 27 ಕಿಲೋ ಅಕ್ಕಿ, ಇನ್ನೊಂದರಲ್ಲಿ 14 ಕಿಲೋ ತುಂಬಿಸಿ, ಇಳಿತದ ಹೊತ್ತಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹೊತ್ತುಕೊಂಡು ದೋಣಿಯವರೆಗೆ ನಡೆದು ನೋಡಿದೆ. ದೊಡ್ಡ ಚೀಲ ಹೊತ್ತಾಗ ಕಾಲು ಮೊಣಕಾಲಿನವರೆಗೆ ಹೂತು, ಅರ್ಧ ದಾರಿಯಲ್ಲೇ ಅದನ್ನು ಇಳಿಸಬೇಕಾಯಿತು. ಮುಂದೆ ಅದೇ ಚೀಲವನ್ನು ಹಿಂಬದಿಯ ಹಲಗೆಗೆ ಕಟ್ಟಿ, ಅದರ ಪಕ್ಕ ನಾನು ಕುಳಿತೆ. ನೀರಿಗೂ ಹಲಗೆಯ ಅಂಚಿಗೂ ಆರು ಬೆರಳಿನ ಅಂತರ ಮಾತ್ರ ಉಳಿದಿತ್ತು. ಈ ಅಕ್ಕಿಯ ಪ್ರಯೋಗವನ್ನು ನೋಡಿ ನನ್ನ ಹೆಂಡತಿ ನಕ್ಕಳು, ಆದರೆ ಯಾವ ಅಂಗಡಿಯವರೂ ಹೇಳದ ಮಾತನ್ನು ಆ ಚೀಲ ಹೇಳಿತು.

ಬ್ಯಾಟರಿಯ ಮೋಟಾರನ್ನು ಸುಲಭವಾಗಿ ಕೈಬಿಡಲಿಲ್ಲ. ಸದ್ದಿಲ್ಲದೆ ಕೊಕ್ಕರೆಗಳ ಪಕ್ಕದಲ್ಲೇ ಸಾಗುವ ಆಸೆ ನನಗೂ ಇತ್ತು. ಆದರೆ ಒಂದು ಕಿಲೋವ್ಯಾಟ್ ವರ್ಗದ ಮೋಟಾರಿನೊಂದಿಗೆ ಬರುವ ಬ್ಯಾಟರಿ ಪೂರ್ಣ ವೇಗದಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಓಡುವಷ್ಟರದ್ದು. ಗಾಳಿ, ಸೆಳೆತ ಎರಡೂ ಎದುರಾದ ದಿನ ಆ ಲೆಕ್ಕ ನನಗೆ ಧೈರ್ಯ ಕೊಡಲಿಲ್ಲ. ಬೆಲೆಯ ವಿಷಯ ಬೇರೆ.

ಕೊನೆಗೆ ಗೋವಾದಲ್ಲಿ ಹಾಯಿದೋಣಿ ಇಟ್ಟುಕೊಂಡಿದ್ದವರೊಬ್ಬರಿಂದ 2.3 ಅಶ್ವಶಕ್ತಿಯ, ಶಾರ್ಟ್ ಶಾಫ್ಟಿನ ಹೋಂಡಾ ಮೋಟಾರೊಂದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ತೂಕ ಹದಿನಾಲ್ಕು ಕಿಲೋದಷ್ಟು. ಇದರ ಎಂಜಿನ್ ಗಾಳಿಯಿಂದಲೇ ತಣಿಯುತ್ತದೆ. ಹೆಚ್ಚಿನ ಮೋಟಾರುಗಳು ಹೊಳೆಯ ನೀರನ್ನೇ ಪಂಪಿನಿಂದ ಎಳೆದುಕೊಂಡು ತಣಿಯುವುದರಿಂದ, ಕೆಸರಿನ ಜಾಗದಲ್ಲಿ ಒಳದಾರಿ ಕಟ್ಟಿಕೊಂಡು ವಿಪರೀತ ಬಿಸಿಯಾಗುವ ಭಯ ಅವುಗಳಿಗುಂಟು. ಇದಕ್ಕೆ ಸದ್ದು ಹೆಚ್ಚೆಂಬುದು ನಿಜ, ಹಿಂದಿರುಗುವ ಹೊತ್ತಿಗೆ ಕಿವಿ ಗುಂಯ್ ಎನ್ನುತ್ತದೆ. ಗೇರಿನ ಹಿಡಿ ಇಲ್ಲ; ವೇಗ ತಗ್ಗಿಸಿದರೆ ಕ್ಲಚ್ ತಾನಾಗಿ ಬಿಟ್ಟು ಪ್ರೊಪೆಲ್ಲರ್ ನಿಲ್ಲುತ್ತದೆ, ಹಿಂದೆ ಬರಬೇಕಾದರೆ ಇಡೀ ಮೋಟಾರನ್ನೇ ತಿರುಗಿಸಬೇಕು. ಇಳಿತದಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಆರಿಸುವವರ ನಡುವೆ ಹಾದುಹೋಗುವಾಗ ಈ ಕ್ಲಚ್ ಬಹಳ ಉಪಕಾರಿ.

ಅದನ್ನು ತರುವಾಗಲೇ ಒಂದು ತಪ್ಪು ಮಾಡಿದೆ. ಫೋರ್ ಸ್ಟ್ರೋಕ್ ಮೋಟಾರಿನ ಒಡಲಲ್ಲಿ ಬೇರೆಯೇ ಎಂಜಿನ್ ಆಯಿಲ್ ಇರುವುದರಿಂದ ಅದನ್ನು ಸೂಚಿಸಿದ ಮಗ್ಗುಲಲ್ಲೇ ಮಲಗಿಸಬೇಕು. ನಾನು ಕಾರಿನ ಡಿಕ್ಕಿಯಲ್ಲಿ ಜಾಗ ಸಿಕ್ಕ ಹಾಗೆ ಮಲಗಿಸಿ ತಂದೆ. ಆಯಿಲ್ ಸಿಲಿಂಡರಿಗೆ ಇಳಿದು, ಮರುದಿನ ಪ್ಲಗ್ ಬಿಚ್ಚಿ ಒರೆಸಿ, ಹಗ್ಗ ಹತ್ತಾರು ಸಲ ಎಳೆದ ಮೇಲೆ ಚಾಲೂ ಆಗಿ, ಹೊಳೆಯ ತುಂಬ ನೀಲಿ ಹೊಗೆ ಹರಡಿತು. ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಇನ್ನೊಂದು ಪಾಠ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಕರಾವಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಾಲ್ಕು ತಿಂಗಳು ಕಾರ್ಬ್ಯುರೇಟರಿನಲ್ಲಿ ನಿಂತ ಎಣ್ಣೆ ಅಂಟಾಗಿ, ಸೂಜಿಯ ತೂತಿನಷ್ಟಿರುವ ಜೆಟ್ಟನ್ನು ಮುಚ್ಚಿತ್ತು. ಅಂದಿನಿಂದ ಮನೆಯ ದಡ ಹತ್ತಿರವಾಗುತ್ತಿದ್ದಂತೆ ಎಣ್ಣೆಯ ನಲ್ಲಿಯನ್ನು ಮುಚ್ಚಿ, ಒಳಗಿನ ಎಣ್ಣೆ ಮುಗಿದು ಮೋಟಾರು ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಆಮೇಲೆ ಕೆಳಭಾಗದ ಮೇಲೆ ಎರಡು ಕೊಡ ಬಾವಿಯ ನೀರು ಸುರಿಯುತ್ತೇನೆ.

ಕಳೆದ ಮೇ ತಿಂಗಳಲ್ಲಿ ಗೇರ್ ಆಯಿಲ್ ಬದಲಿಸುವಾಗ ಅದು ಹಾಲು ಬೆರೆತ ಚಹಾದಂತೆ ಬೆಳ್ಳಗಿತ್ತು. ಪ್ರೊಪೆಲ್ಲರ್ ಕಳಚಿ ನೋಡಿದರೆ ಅದರ ಹಿಂದೆ, ಶಾಫ್ಟಿನ ಸುತ್ತ, ಬಲೆಯ ನೈಲಾನ್ ದಾರ ಬಿಗಿಯಾಗಿ ಸುತ್ತಿಕೊಂಡು, ನೀರು ಒಳಬರದಂತೆ ತಡೆಯುವ ಸೀಲನ್ನು ಕತ್ತರಿಸಿತ್ತು. ಸೀಲು ಬದಲಾಯಿಸಿ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನವೂ ದೋಣಿಯಿಂದ ಎಂದೂ ಇಳಿಸದೆ ಇಟ್ಟಿದ್ದ ಹುಟ್ಟುಗಳನ್ನೇ ಹಾಕಿಕೊಂಡು, ಸೆಳೆತ ನಿಂತ ಹೊತ್ತು ನೋಡಿ, ತೋಟಕ್ಕೆ ಹೋಗಿ ಬಂದೆ.