ಫೋಕಸ್ ಕೂರಬೇಕಾದ್ದು ಕೀಟದ ಕಣ್ಣಿನ ಮೇಲೆ: ಇಬ್ಬರು ಸೇರಿ ಮ್ಯಾಕ್ರೊ ಫೋಟೊ ತೆಗೆಯುವ ಬಗೆ

ಕೀಟಗಳ ಫೋಟೊ ತೆಗೆಯಲು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಕಣ್ಣು ಮಸುಕು, ರೆಕ್ಕೆಯ ಬುಡ ಮಾತ್ರ ಸ್ಪಷ್ಟ. ದುಬಾರಿ ಲೆನ್ಸ್ ಕೊಂಡರೂ ಇದು ಸರಿಹೋಗದು. ಫೋಕಸ್ ಮಾಡುವ ಕ್ರಮ ಬದಲಾಗಬೇಕು, ಪಕ್ಕದಲ್ಲಿ ಇನ್ನೊಬ್ಬರು ಇರಬೇಕು.

ಸಲಕರಣೆ

90ರಿಂದ 105 ಮಿ.ಮೀ. ಮ್ಯಾಕ್ರೊ ಲೆನ್ಸ್ (ಪುಟ್ಟ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ತೆಗೆದುಕೊಳ್ಳಿ. 60 ಮಿ.ಮೀ. ಹಗುರ ನಿಜ, ಆದರೆ 1:1 ಅಳತೆಗೆ (ಕೀಟ ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವಷ್ಟು) ಹೋದಾಗ ಲೆನ್ಸಿನ ಮೂತಿ ಕೀಟಕ್ಕೆ 10 ಸೆಂ.ಮೀ.ಗಿಂತ ಹತ್ತಿರ ಬಂದುಬಿಡುತ್ತದೆ. ಕೀಟ ಹಾರುತ್ತದೆ, ಕೂತರೂ ಅದರ ಮೇಲೆ ನಿಮ್ಮದೇ ನೆರಳು. ಮ್ಯಾಕ್ರೊ ಲೆನ್ಸ್ ಇಲ್ಲದವರು 50 ಮಿ.ಮೀ. ಲೆನ್ಸಿಗೆ, ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಟೊಳ್ಳು ಕೊಳವೆಯಾದ 25 ಮಿ.ಮೀ. ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿದರೆ ಅರ್ಧ ಅಳತೆಯವರೆಗೆ ಹೋಗಬಹುದು. ಒಳಗೆ ವಿದ್ಯುತ್ ಸಂಪರ್ಕದ ಪಿನ್‌ಗಳಿಲ್ಲದ ಅಗ್ಗದ ಟ್ಯೂಬ್ ಮಾತ್ರ ಬೇಡ. ಈಗಿನ ಬಹುತೇಕ ಲೆನ್ಸ್‌ಗಳಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) ಬದಲಿಸಲು ಅದು ಬಿಡುವುದಿಲ್ಲ. ಸೆಟ್ಟಾಗಿ ಮಾರುವ ಒಂಟಿ ಗಾಜಿನ ಕ್ಲೋಸ್‌ಅಪ್ ಫಿಲ್ಟರ್‌ಗಳನ್ನೂ ಬಿಡಿ, ಅಂಚಿನಲ್ಲೆಲ್ಲ ನೇರಳೆ ಗೆರೆ ಬರುತ್ತದೆ.

ಸೆಟ್ಟಿಂಗ್

ಮ್ಯಾನುಯಲ್ ಮೋಡ್, ಎಫ್ 11, ಶಟರ್ ಸೆಕೆಂಡಿನ 1/200, ಐಎಸ್ಒ 200, ಫ್ಲ್ಯಾಶ್ 1/16 ಶಕ್ತಿಯಲ್ಲಿ. ಕತ್ತಲೆಯೆನಿಸಿದರೆ ಫ್ಲ್ಯಾಶನ್ನು 1/8ಕ್ಕೆ ಏರಿಸಿ, ಶಟರ್ ಮುಟ್ಟಬೇಡಿ. ಕಡಿಮೆ ಶಕ್ತಿಯ ಫ್ಲ್ಯಾಶ್ ಬೆಳಗುವುದು ಅತ್ಯಲ್ಪ ಹೊತ್ತು, ಕೈ ನಡುಗಿದ್ದು ಚಿತ್ರದಲ್ಲಿ ಕಾಣದಂತೆ ಮಾಡುವುದು ಅದೇ. ಹೆಚ್ಚು ಭಾಗ ಸ್ಪಷ್ಟ ಬರಲೆಂದು ಎಫ್ 22ಕ್ಕೆ ಹೋಗುವವರಿದ್ದಾರೆ, ಹೋಗಬಾರದು. 1:1 ಅಳತೆಯಲ್ಲಿ ಎಫ್ 11 ಎಂದಿಟ್ಟದ್ದೇ ಎಫ್ 22ರಂತೆ ಕೆಲಸ ಮಾಡುತ್ತಿರುತ್ತದೆ; ಅದಕ್ಕಿಂತ ಕಿರಿದು ಮಾಡಿದರೆ ಬೆಳಕು ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. (ಕೆಲವು ಕ್ಯಾಮೆರಾಗಳು ಈ ಲೆಕ್ಕ ಸೇರಿಸಿಯೇ ಸಂಖ್ಯೆ ತೋರಿಸುತ್ತವೆ. ಅಂಥದ್ದರಲ್ಲಿ ಎಫ್ 22 ಎಂದು ಕಂಡರೆ ಗಾಬರಿ ಬೇಡ.)

ಫ್ಲ್ಯಾಶಿನ ಮೂತಿಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ಟೋಪಿ ಇಲ್ಲಿ ದಂಡ. ಬೆಳಕು ಮೃದುವಾಗಬೇಕಾದರೆ ಅದು ಹೊಮ್ಮುವ ಜಾಗ ಕೀಟಕ್ಕೆ ಹತ್ತಿರವಿರಬೇಕು, ಅಗಲವಾಗಿರಬೇಕು. ಎ4 ಅಳತೆಯ ಬಟರ್ ಪೇಪರನ್ನು ತಂತಿಯ ಚೌಕಟ್ಟಿಗೆ ಅಂಟಿಸಿ, ಫ್ಲ್ಯಾಶ್ ಮತ್ತು ಕೀಟದ ನಡುವೆ, ಕೀಟದ ತಲೆಯ ಮೇಲಕ್ಕೆ ಬರುವಂತೆ ಹಿಡಿಯಬೇಕು. ಹಿಡಿಯುವುದು ಜೊತೆಗಾರರ ಕೆಲಸ.

ಹೊತ್ತು

ಬೆಳಗಿನ ಮೊದಲ ಗಂಟೆ. ಮೈ ಬಿಸಿಯಾಗುವವರೆಗೆ ಏರೋಪ್ಲೇನ್ ಚಿಟ್ಟೆ, ಪಾತರಗಿತ್ತಿ ಹಾರಲಾರವು.

ಫೋಕಸ್

ಕೆಲಸ ಕೆಡುವುದೆಲ್ಲ ಇಲ್ಲೇ. ಆಟೊ ಫೋಕಸ್ ಆಫ್ ಮಾಡಿಬಿಡಿ. 1:1ರಲ್ಲಿ ಅದು ಹಿಂದೆ ಮುಂದೆ ತಡಕಾಡಿ, ಕೊನೆಗೆ ಹೊಳೆಯುವ ಬೆನ್ನನ್ನೇ ಹಿಡಿದು ಕೂರುತ್ತದೆ.

ಮೊದಲು ಕೀಟ ಎಷ್ಟು ದೊಡ್ಡದಾಗಿ ಬೇಕು ಎಂದು ನಿರ್ಧರಿಸಿ. ಏರೋಪ್ಲೇನ್ ಚಿಟ್ಟೆಯ ಪೂರ್ತಿ ಮೈ ಬೇಕಿದ್ದರೆ 1:3ರ ಆಸುಪಾಸು, ತಲೆ ಮಾತ್ರವಾದರೆ 1:1. ಫೋಕಸ್ ರಿಂಗ್ ಅಲ್ಲಿಗೆ ತಿರುಗಿಸಿ, ಮತ್ತೆ ಅದನ್ನು ಮುಟ್ಟಬೇಡಿ. ಇನ್ನು ಫೋಕಸ್ ಆಗುವುದು ನಿಮ್ಮ ಮೈ ಮುಂದೆ ಸರಿಯುವುದರಿಂದ. 1:1, ಎಫ್ 11ರಲ್ಲಿ ಸ್ಪಷ್ಟವಾಗಿ ಬರುವ ಆಳ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ನಿಂತು ಉಸಿರಾಡಿದರೆ ಮೈ ಓಲಾಡುವುದೇ ಅದಕ್ಕಿಂತ ಹೆಚ್ಚು.

ಆದ್ದರಿಂದ ಆಧಾರ ಬೇಕು. ಕೀಟ ಕೂತ ಕಡ್ಡಿಯನ್ನು ಎಡಗೈಯ ಹೆಬ್ಬೆರಳು, ತೋರುಬೆರಳಿನಲ್ಲಿ ಕೆಳಗಡೆಯಿಂದ ಮೆಲ್ಲಗೆ ಹಿಡಿಯಿರಿ. ಅದೇ ಕೈಯ ಮೇಲೆ ಲೆನ್ಸಿನ ಮುಂತುದಿಯನ್ನು ಊರಿ. ಗಾಳಿಗೆ ಕಡ್ಡಿ ಆಡಿದರೆ ಕೈಯೂ ಲೆನ್ಸೂ ಒಟ್ಟಿಗೇ ಆಡುತ್ತವೆ, ನಡುವಿನ ದೂರ ಬದಲಾಗದು. ಟ್ರೈಪಾಡ್‌ಗಿಂತ ಇದೇ ಮೇಲು, ಏಕೆಂದರೆ ಟ್ರೈಪಾಡ್ ಕ್ಯಾಮೆರಾವನ್ನು ಹಿಡಿದಿಡುತ್ತದೆಯೇ ಹೊರತು ಕಡ್ಡಿಯನ್ನಲ್ಲ. ಕಡ್ಡಿ ಮುಟ್ಟಿದರೆ ಹಾರಿಹೋಗುವ ಕೀಟವಾದರೆ, ನೆಲಕ್ಕೆ ನೆಟ್ಟ ಕೋಲಿಗೆ ಬಟ್ಟೆ ಕ್ಲಿಪ್ ಕಟ್ಟಿ ಜೊತೆಗಾರರು ಗಿಡದ ದಂಟನ್ನು ಒಂದು ಗೇಣು ಕೆಳಗೆ ಸಿಕ್ಕಿಸಲಿ.

ಈಗ ತುಸು ದೂರದಿಂದ ಶುರುಮಾಡಿ, ಅರ್ಧ ಉಸಿರು ಬಿಟ್ಟು, ಬೆರಳಿನ ಕೀಲಿನ ಮೇಲೆ ಲೆನ್ಸನ್ನು ಜಾರಿಸುತ್ತಾ ಮುಂದೆ ಬನ್ನಿ. ಕಣ್ಣಿಡಬೇಕಾದ್ದು ಇಡೀ ಕೀಟದ ಮೇಲಲ್ಲ, ಅದರ ಕಣ್ಣಿನ ಹೊರಮೈ ಮೇಲೆ. ಮೊದಲು ಮುಖದ ಮೇಲಿನ ರೋಮ ಚೂಪಾಗುತ್ತದೆ, ಆಮೇಲೆ ಕಣ್ಣಿನ ಜೇನುಗೂಡಿನಂಥ ಬಿಲ್ಲೆಗಳು ಬಿಡಿಬಿಡಿಯಾಗಿ ಮೂಡುತ್ತವೆ. ಅವು ಮೂಡುವ ಹೊತ್ತಿಗೆ ಸರಿಯಾಗಿ ಒತ್ತಿ, ಸರಿಯುತ್ತಲೇ ಮೂರು ನಾಲ್ಕು ಚಿತ್ರ ತೆಗೆಯಿರಿ. ದಾಟಿ ಹೋದರೆ ಹಿಂದೆ ಮುಂದೆ ತೂಗಾಡಬೇಡಿ. ಪೂರ್ತಿ ಹಿಂದೆ ಬಂದು ಮತ್ತೆ ಶುರುಮಾಡಿ.

ರೆಕ್ಕೆ ಮಡಚಿ ಕೂತ ಪಾತರಗಿತ್ತಿಗೆ ಇನ್ನೊಂದು ತೊಡಕು. ರೆಕ್ಕೆಯ ಮೈಗೂ ಕ್ಯಾಮೆರಾದ ಸೆನ್ಸರಿಗೂ ಸಮಾನಾಂತರ ತಪ್ಪಿದರೆ ಕಣ್ಣು ಸ್ಪಷ್ಟ, ರೆಕ್ಕೆಯ ತುದಿ ಮಸುಕು. ವ್ಯೂಫೈಂಡರಿನಲ್ಲಿ ಕಣ್ಣಿಟ್ಟವರಿಗೆ ಈ ಓರೆ ತಿಳಿಯುವುದೇ ಇಲ್ಲ. ಮೇಲಿನಿಂದ ನೋಡುತ್ತಿರುವ ಜೊತೆಗಾರರಿಗೆ ಕೂಡಲೇ ಕಾಣುತ್ತದೆ: “ಕ್ಯಾಮೆರಾದ ಹಿಂಬದಿ ಒಂದು ಬೆರಳಷ್ಟು ಎಡಕ್ಕೆ” ಎಂದು ಮೆಲ್ಲಗೆ ಹೇಳಿದರೆ ಸಾಕು. ಅವರು ನೆರಳು ಬೀಳದ ಕಡೆ ನಿಂತಿರಬೇಕು, ಕೈ ಥಟ್ಟನೆ ಎತ್ತಬಾರದು. ಒಂದು ಕೀಟ ಮುಗಿದ ಮೇಲೆ ಕ್ಯಾಮೆರಾ ಕೈ ಬದಲಾಗಲಿ. ಇಬ್ಬರೂ ಒಂದೇ ಸಲ ಬಗ್ಗಿದರೆ ಇಬ್ಬರಿಗೂ ಚಿತ್ರವಿಲ್ಲ.

ಮಾಡಲೇಬಾರದ್ದು

ಕೀಟವನ್ನು ಫ್ರಿಜ್‌ನಲ್ಲಿಟ್ಟು ಮರಗಟ್ಟಿಸುವುದು, ಕಾಲಿಗೆ ಗೋಂದು ಹಚ್ಚುವುದು, ಇಬ್ಬನಿಯಂತೆ ಕಾಣಲೆಂದು ನೀರು ಚಿಮುಕಿಸುವುದು. ಇಂಥ ಚಿತ್ರ ಎಷ್ಟು ಚೆಂದವಿದ್ದರೂ ತೆಗೆಯಬೇಡಿ, ಯಾರಾದರೂ ತೋರಿಸಿದರೆ ಹೊಗಳಲೂ ಬೇಡಿ. ಗೂಡನ್ನು ಮರೆಮಾಡಿದ ಎಲೆ, ರೆಂಬೆಗಳನ್ನು ಸರಿಸಬೇಡಿ.

ಮನೆಗೆ ಬಂದ ಮೇಲೆ

ಪ್ರತಿ ಚಿತ್ರವನ್ನೂ 100 ಪ್ರತಿಶತಕ್ಕೆ ಹಿಗ್ಗಿಸಿ ಕಣ್ಣು ನೋಡಿ. ಅದು ಮಸುಕಾಗಿದ್ದರೆ ಅಳಿಸಿ. ಶಾರ್ಪನ್ ಮಾಡುವ ತಂತ್ರಾಂಶ ತಪ್ಪಿದ ಫೋಕಸನ್ನು ತಂದುಕೊಡುವುದಿಲ್ಲ. ಒಂದೇ ಕೀಟದ ಇಬ್ಬರ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು, ಯಾರದ್ದು ಎಲ್ಲಿ ಓರೆಯಾಯಿತು ಎಂದು ನೋಡಿಕೊಳ್ಳಿ.

ಜಾತಿ ಗುರುತಿಸಬೇಕಿದ್ದರೆ ಒಂದು ಸುಂದರ ಚಿತ್ರ ಸಾಲದು. ಮೇಲಿನಿಂದ, ಪಕ್ಕದಿಂದ, ಮುಖದ ನೇರಕ್ಕೆ ಒಂದೊಂದು, ಜೊತೆಗೆ ಕೂತಿದ್ದ ಗಿಡದ ಎಲೆಯದೊಂದು ಇರಲಿ. ಇವನ್ನು ಜೀವಿಗಳನ್ನು ಗುರುತಿಸಲು ನೆರವಾಗುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿದರೆ ತಿಳಿದವರು ನೋಡಿ ಹೆಸರು ಸೂಚಿಸುತ್ತಾರೆ. ಅಪರೂಪದ ಜೀವಿಯೋ ಗೂಡೋ ಆಗಿದ್ದರೆ ಸ್ಥಳವನ್ನು ಮಸುಕಾಗಿ ತೋರಿಸುವ ಆಯ್ಕೆಯನ್ನು ಚಿತ್ರ ಹಾಕುವ ಮೊದಲೇ ಒತ್ತಿ, ಬೇರೆಡೆ ಹಂಚುವ ಫೈಲಿನಿಂದ ಜಿಪಿಎಸ್ ಮಾಹಿತಿಯನ್ನು ತೆಗೆದುಹಾಕಿ.